ಒಬ್ಬಟ್ಟು (ತುಮಕೂರು ಸೀಮೆ)

ಕಣಕದೊಳಗೆ ಹೂರಣ ತುಂಬಿ, ತಟ್ಟಿ, ಕಾವಲಿಯ ಮೇಲೆ ಬೇಯಿಸುವ ಹಬ್ಬದ ಭಕ್ಷ್ಯ. ಹೋಳಿಗೆ ಎಂಬುದು ಇನ್ನೊಂದು ಹೆಸರು. ಉತ್ತರ ಕರ್ನಾಟಕದಲ್ಲಿ ಅದೇ ರೂಢಿ. ತೆಲುಗರಿಗೆ ಇದು ಬೊಬ್ಬಟ್ಟು, ತಮಿಳರಿಗೆ ಪೋಳಿ, ಮರಾಠಿಗರಿಗೆ ಪುರಣಪೋಳಿ. ಕೋರ ಹೋಬಳಿಯೂ ಸೇರಿದಂತೆ ತುಮಕೂರು, ಗುಬ್ಬಿ, ಕುಣಿಗಲ್ ಕಡೆ ಯುಗಾದಿಗೆ ಒಬ್ಬಟ್ಟು ಎಂದರೆ ಜೊತೆಗೆ ಒಬ್ಬಟ್ಟಿನ ಸಾರೂ ಇದೆ ಎಂದೇ ಅರ್ಥ. ಒಂದೇ ಪಾತ್ರೆಯಲ್ಲಿ ಬೆಂದ ಬೇಳೆ ಹೂರಣವಾಗುತ್ತದೆ, ಬಸಿದ ಕಟ್ಟು ಸಾರಾಗುತ್ತದೆ.

ಬೆಳಗಾವಿ, ಧಾರವಾಡದ ಕಡೆ ಹೂರಣಕ್ಕೆ ಕಡಲೆಬೇಳೆ ಹಾಕುತ್ತಾರೆ, ಇಲ್ಲಿ ತೊಗರಿಬೇಳೆ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಅವರೆಯೊಂದಿಗೆ ತೊಗರಿಯನ್ನೂ ಬಿತ್ತುವ ಸೀಮೆಗೆ ಇದು ಸಹಜ. ತೆಂಗಂತೂ ತಿಪಟೂರು, ಗುಬ್ಬಿ ತೋಟಗಳ ಮುಖ್ಯ ಬೆಳೆ. ಹಾಗಾಗಿ ಬೇಳೆ ಒಬ್ಬಟ್ಟಿನಷ್ಟೇ ಸಲುಗೆ ಇಲ್ಲಿ ಕಾಯೊಬ್ಬಟ್ಟಿಗೂ ಉಂಟು. ತೆಂಗಿನ ತುರಿ, ಬೆಲ್ಲ, ಏಲಕ್ಕಿ ಸೇರಿದ ಕಾಯೊಬ್ಬಟ್ಟಿಗೆ ಕಟ್ಟಿನ ಗೊಡವೆಯಿಲ್ಲ. ಆದ್ದರಿಂದ ಸಾರೂ ಇಲ್ಲ.

ಮೊದಲು ಕಣಕ. ಚಿರೋಟಿ ರವೆ ಅಥವಾ ಮೈದಾ, ಇಲ್ಲವೇ ಎರಡನ್ನೂ ಬೆರೆಸಿ, ಚಿಟಿಕೆ ಅರಿಸಿನ, ಉಪ್ಪು ಹಾಕಿ ಚಪಾತಿ ಹಿಟ್ಟಿಗಿಂತ ಸಡಿಲವಾಗಿ ಕಲಸಬೇಕು. ಎಣ್ಣೆಯಲ್ಲಿ ಜಿಪುಣತನ ಸಲ್ಲದು. ಎರಡು ಗಂಟೆಯಾದರೂ ನೆನೆದರೆ ಹಿಟ್ಟು ಎಳೆದತ್ತ ಬರುತ್ತದೆ, ಹರಿಯುವುದಿಲ್ಲ. ಬೇಳೆಯನ್ನು ಧಾರಾಳ ನೀರಿನಲ್ಲಿ, ಬೆರಳಲ್ಲಿ ಹಿಚುಕಿದರೆ ನುರಿಯುವಷ್ಟು ಬೇಯಿಸಿ, ಕರಗುವ ಮುನ್ನ ಬಸಿಯಬೇಕು. ಕುಕ್ಕರ್ ಬಂದ ಮೇಲೆ ಕೆಡುವುದು ಇಲ್ಲಿಯೇ: ಒಂದು ಸೀಟಿ ಹೆಚ್ಚಾದರೆ ಬೇಳೆ ಕಟ್ಟಿನಲ್ಲೇ ಕರಗಿ ಹೋಗುತ್ತದೆ. ಬಸಿದ ಬೇಳೆಗೆ ಹೆಚ್ಚೂಕಡಿಮೆ ಅಷ್ಟೇ ಬೆಲ್ಲ ಹಾಕಿ, ನೀರಾರುವವರೆಗೆ ಕಾಯಿಸಿ, ಏಲಕ್ಕಿ ಸೇರಿಸಿ, ನೀರು ಸೋಕಿಸದೆ ನುಣ್ಣಗೆ ರುಬ್ಬಬೇಕು. ಒರಳಲ್ಲಿ ರುಬ್ಬಿದ ಹೂರಣದ ನುಣುಪು ಮಿಕ್ಸಿಗೆ ಬರುವುದಿಲ್ಲ ಎಂಬ ಹಿರಿಯರ ಮಾತು ಬರಿಯ ಹಳೆಯದರ ಮೋಹವಲ್ಲ. ಮಿಕ್ಸಿಯ ಬ್ಲೇಡು ತಿರುಗಲು ನೀರು ಬೇಡುತ್ತದೆ, ನೀರು ಬಿದ್ದ ಹೂರಣ ತಟ್ಟುವಾಗ ಹೊರಗೆ ಬರುತ್ತದೆ.

ಕಣಕದ ಉಂಡೆ ಚಿಕ್ಕದು, ಹೂರಣದ ಉಂಡೆ ದೊಡ್ಡದು. ಎಣ್ಣೆ ಸವರಿದ ಬಾಳೆಲೆಯ ಮೇಲೆ ಬೆರಳಿನಿಂದ ತಟ್ಟಿ, ಎಲೆಯ ಸಮೇತ ಕಾವಲಿಗೆ ಬೋರಲು ಹಾಕಿ ಎಲೆಯನ್ನು ಮೆಲ್ಲಗೆ ಬಿಡಿಸುತ್ತಾರೆ. ಈಗ ಬಾಳೆಲೆಯ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಬಂದಿದೆ. ಬಿಸಿ ಕಾವಲಿಗೆ ಅದನ್ನು ತಾಗಿಸುವುದಕ್ಕಿಂತ ಬಾಳೆಲೆಯೇ ಲೇಸು.

ಸಾರಿಗೆ ತೆಂಗಿನಕಾಯಿ, ಕೊತ್ತಂಬರಿ ಬೀಜ, ಜೀರಿಗೆ, ಒಣಮೆಣಸಿನಕಾಯಿ, ಕೆಲವರ ಮನೆಯಲ್ಲಿ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ ರುಬ್ಬಿ, ಹುಣಸೆರಸದೊಂದಿಗೆ ಕಟ್ಟಿಗೆ ಬೆರೆಸುತ್ತಾರೆ. ಹಿಡಿಯಷ್ಟು ಹೂರಣವನ್ನೂ ಕದಡುತ್ತಾರೆ. ಖಾರ, ಹುಳಿ, ಸಿಹಿ ಮೂರೂ ನಾಲಿಗೆಗೆ ಒಟ್ಟಿಗೆ ಸಿಗಬೇಕು. ಈ ಖಾರಕ್ಕೆ ನಾವು ಅಮೆರಿಕ ಖಂಡಕ್ಕೆ ಋಣಿಗಳು: ಮೆಣಸಿನಕಾಯಿ 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಅದರ ತವರಾದ ಮೆಕ್ಸಿಕೊದಲ್ಲಿ ಎಂಚಿಲಾಡ ಎಂಬ ತಿನಿಸಿದೆ. ಮೆಕ್ಕೆಜೋಳದ ತೆಳು ರೊಟ್ಟಿಯನ್ನು ಮೆಣಸಿನಕಾಯಿ ಗೊಜ್ಜಿನಲ್ಲಿ ಅದ್ದಿ, ಪಲ್ಯವನ್ನೋ ಮಾಂಸವನ್ನೋ ಇಟ್ಟು ಸುರುಳಿ ಸುತ್ತುತ್ತಾರೆ. 'ಖಾರ ಹಚ್ಚಿದ್ದು' ಎಂದೇ ಹೆಸರಿನ ಅರ್ಥ. 1831ರಲ್ಲಿ ಅಚ್ಚಾದ ಮೆಕ್ಸಿಕೊದ ಅಡುಗೆ ಪುಸ್ತಕದಲ್ಲೇ ಅದರ ಪಾಕವಿದೆ. ರೊಟ್ಟಿ, ಹೂರಣ, ಖಾರ ಮೂರೂ ಅಲ್ಲಿ ಒಂದೇ ತಟ್ಟೆಯಲ್ಲಿ ಕೂಡುತ್ತವೆ. ಇಲ್ಲಿ ಖಾರ ಪಕ್ಕದ ಬಟ್ಟಲಿನಲ್ಲಿ ಕಾಯುತ್ತದೆ. ಒಬ್ಬಟ್ಟನ್ನೇ ಮುರಿದು ಸಾರಿಗೆ ಅದ್ದಿ ತಿನ್ನುವವರ ರುಚಿ ಮೆಕ್ಸಿಕೊದವರಿಗೆ ಹತ್ತಿರದ್ದು.

ಬಡಿಸುವ ಬಗೆ ಹಲವು. ಬಿಸಿ ಒಬ್ಬಟ್ಟಿಗೆ ತುಪ್ಪ. ತುಪ್ಪದ ಮೇಲೆ ಬಿಸಿ ಹಾಲು. ಬೆಲ್ಲ, ಏಲಕ್ಕಿ ಹಾಕಿದ ಕಾಯಿಹಾಲು. ಮಾವು ಬಂದಿದ್ದರೆ ಸೀಕರಣೆ. ಹಾಲಿನಲ್ಲಿ ನೆನೆದ ತಣ್ಣನೆಯ ಒಬ್ಬಟ್ಟೇ ಮೇಲೆಂಬುವವರೂ ಇದ್ದಾರೆ. ಪೇಟೆಯ ಹೋಳಿಗೆ ಅಂಗಡಿಗಳು ಖರ್ಜೂರ, ಕ್ಯಾರೆಟ್, ಅನಾನಸ್, ಖೋವಾ ತುಂಬುತ್ತವೆ. ಖಾರದ ಪಲ್ಯ ತುಂಬಿದ ಹೋಳಿಗೆಯೂ ಬಂದಿದೆ. ಖರ್ಜೂರಕ್ಕೂ ಖೋವಾಕ್ಕೂ ಕಣಕ ಒಗ್ಗುತ್ತದೆ. ಅನಾನಸ್ ರಸ ಬಿಡುವ ಹಣ್ಣು, ಚೆನ್ನಾಗಿ ಆರಿಸದಿದ್ದರೆ ಕಣಕ ಒದ್ದೆಯಾಗುತ್ತದೆ. ಎಷ್ಟು ಬಗೆ ಬಂದರೂ ಅಂಗಡಿಯ ಒಬ್ಬಟ್ಟಿಗೆ ಒಂದು ಕೊರತೆ ಇದ್ದೇ ಇದೆ: ಅದರೊಂದಿಗೆ ಕಟ್ಟು ಮನೆಗೆ ಬರುವುದಿಲ್ಲ.

ಒಬ್ಬಟ್ಟಿನಂಥ ಹಿಟ್ಟಿನ ತಿನಿಸುಗಳ ಬಗ್ಗೆ ಬರೆಯುವುದು ಹೊಸತೇನಲ್ಲ. ಕನ್ನಡದಲ್ಲಿ ಅಡುಗೆಯನ್ನು ಶಾಸ್ತ್ರವಾಗಿ ಬರೆದಿಟ್ಟವರಲ್ಲಿ 16ನೇ ಶತಮಾನದ ಆರಂಭದ ಮೂರನೆಯ ಮಂಗರಸ ಮುಖ್ಯ. ಅವನ 'ಸೂಪಶಾಸ್ತ್ರ'ದ ಮೊದಲ ಅಧ್ಯಾಯವೇ ಹಿಟ್ಟಿನ ತಿನಿಸುಗಳದು.

ಯುಗಾದಿಯ ಮರುದಿನ ಹೊಸತೊಡಕು. ಮಾಂಸದಡುಗೆ ಮಾಡುವ ಮನೆಗಳಲ್ಲಿ ಅಂದು ಬಾಡೂಟ. ಮಾಡದ ಮನೆಗಳಲ್ಲಿ ಹಿಂದಿನ ದಿನದ ಒಬ್ಬಟ್ಟಿನ ಸಾರನ್ನೇ ಮತ್ತೆ ಕುದಿಸಿ ಮುದ್ದೆಗೆ ಬಡಿಸುತ್ತಾರೆ.