ಸಾಫ್ಟ್‌ಬಾಲ್ ಇತಿಹಾಸದಲ್ಲಿ ಹವ್ಯಾಸಿ ಆಟಗಾರ್ತಿಯರು

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಜೋನ್ ಜಾಯ್ಸ್ ಎಂಬ ಆಟಗಾರ್ತಿಯ ಹೆಸರನ್ನೆತ್ತಿದೊಡನೆ ಜನರು ಹೇಳುವ ಕಥೆ ಸಾಮಾನ್ಯವಾಗಿ ಒಂದೇ. ಕನೆಕ್ಟಿಕಟ್ ಸಂಸ್ಥಾನದ ವಾಟರ್‌ಬರಿ ನಗರದಲ್ಲಿ ೧೯೬೧ರಲ್ಲಿ ಧರ್ಮಾರ್ಥವಾಗಿ ಏರ್ಪಟ್ಟ ಪ್ರದರ್ಶನವೊಂದರಲ್ಲಿ, ಅದರ ಹಿಂದಿನ ವರ್ಷ ಬೇಸ್‌ಬಾಲಿನಿಂದ ನಿವೃತ್ತರಾಗಿದ್ದ ಸುಪ್ರಸಿದ್ಧ ದಾಂಡುಗಾರ ಟೆಡ್ ವಿಲಿಯಮ್ಸ್ ಆಕೆಯ ಎದುರು ನಿಂತರು. ಬಂದ ಚೆಂಡುಗಳಲ್ಲಿ ಬಹುಭಾಗವನ್ನು ಮುಟ್ಟಲಾರದೆ ಕಡೆಗೆ ದಾಂಡನ್ನು ಬಿಸುಟು ಹೊರಟುಹೋದರು. ಕಥೆಯೇನೋ ಸ್ವಾರಸ್ಯವಾಗಿದೆ. ಆದರೆ ಸ್ತ್ರೀಯೊಬ್ಬಳ ಪ್ರಾವೀಣ್ಯಕ್ಕೆ ಪುರುಷನೊಬ್ಬನ ಸೋಲನ್ನೇ ಪ್ರಮಾಣವಾಗಿ ಹಿಡಿಯುವುದು ಇತಿಹಾಸಕಾರನಿಗೆ ಉಚಿತವಾದ ಮಾರ್ಗವಲ್ಲ. ಬೇಸ್‌ಬಾಲಿನಲ್ಲಿ ಚೆಂಡನ್ನೆಸೆಯುವವನಿಗೂ ದಾಂಡುಗಾರನಿಗೂ ನಡುವೆ ಅರುವತ್ತು ಅಡಿಗೂ ಮಿಗಿಲಾದ ಅಂತರವಿರುತ್ತದೆ. ಸ್ತ್ರೀಯರ ಸಾಫ್ಟ್‌ಬಾಲಿನಲ್ಲಿ ಅದು ಸುಮಾರು ನಲವತ್ತೇ ಅಡಿ. ಚೆಂಡು ಬರುವುದೂ ಭುಜದ ಮೇಲಿನಿಂದಲ್ಲ, ಸೊಂಟದ ಕೆಳಗಿನಿಂದ. ಆ ಅಭ್ಯಾಸವಿಲ್ಲದವನು ಎಷ್ಟೇ ಸಮರ್ಥನಾದರೂ ತಡವರಿಸುವುದು ಸಹಜ. ಜಾಯ್ಸ್ ಅವರ ಹಿರಿಮೆಯನ್ನು ಅರಿಯಬೇಕಾದರೆ ಅವರ ಸ್ವಂತ ಕ್ಷೇತ್ರದ ದಾಖಲೆಗಳನ್ನೇ ನೋಡಬೇಕು.

ಈ ಆಟ ಹುಟ್ಟಿದ್ದು ೧೮೮೭ರಲ್ಲಿ, ಷಿಕಾಗೋ ನಗರದ ಫ್ಯಾರಗಟ್ ದೋಣಿ ಕ್ಲಬ್ಬಿನ ಛಾವಣಿಯ ಕೆಳಗೆ. ಜಾರ್ಜ್ ಹ್ಯಾನ್ಕಾಕ್ ಎಂಬುವರು ಮುಷ್ಟಿಯುದ್ಧದ ಕೈಚೀಲವೊಂದನ್ನು ಉಂಡೆಗಟ್ಟಿ ಚೆಂಡಾಗಿಸಿ, ಪೊರಕೆಯ ಹಿಡಿಯನ್ನು ದಾಂಡಾಗಿಸಿ ಸ್ನೇಹಿತರೊಡನೆ ಆಡಿದರೆಂದು ಪ್ರತೀತಿ. ಸಾಫ್ಟ್‌ಬಾಲ್ ಎಂಬ ಹೆಸರು ಬಂದುದು ೧೯೨೬ರಲ್ಲಿ. ೧೯೩೩ರಲ್ಲಿ ಷಿಕಾಗೋದ ಮಹಾಪ್ರದರ್ಶನದೊಡನೆ ಪುರುಷರಿಗೂ ಸ್ತ್ರೀಯರಿಗೂ ರಾಷ್ಟ್ರೀಯ ಪಂದ್ಯಗಳು ನಡೆದವು. ಆ ವರ್ಷವೇ ಹವ್ಯಾಸಿ ಸಾಫ್ಟ್‌ಬಾಲ್ ಸಂಘವೂ ಸ್ಥಾಪಿತವಾಯಿತು. ಸ್ತ್ರೀಯರು ಈ ಆಟಕ್ಕೆ ತಡವಾಗಿ ಬಂದ ಅತಿಥಿಗಳಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು.

ಹವ್ಯಾಸಿ, ವೃತ್ತಿ ಎಂಬ ಭೇದ ನಮ್ಮ ನಾಟಕರಂಗದಿಂದಲೇ ಕನ್ನಡಿಗರಿಗೆ ಪರಿಚಿತವಾದುದು. ಆದರೆ ಅಮೆರಿಕದ ಈ ಹವ್ಯಾಸಕ್ಕೆ ಬಹುಮಟ್ಟಿಗೆ ಆಶ್ರಯವಿತ್ತವು ಕಾರ್ಖಾನೆಗಳು. ಮೋಟಾರು ಗಾಡಿಗಳ ಬ್ರೇಕಿಗೆ ಬೇಕಾದ ಸಾಮಗ್ರಿಯನ್ನು ತಯಾರಿಸುತ್ತಿದ್ದ ರೇಬೆಸ್ಟಾಸ್ ಕಂಪೆನಿಯು ಕನೆಕ್ಟಿಕಟ್ಟಿನ ಸ್ಟ್ರಾಟ್‌ಫರ್ಡ್ ಊರಿನಲ್ಲಿ ೧೯೪೭ರಲ್ಲಿ ‘ಬ್ರೇಕೆಟ್ಸ್’ ತಂಡವನ್ನು ಕಟ್ಟಿತು. ಆಟಗಾರ್ತಿಯರಲ್ಲಿ ಹಲವರು ಹಗಲು ಅದೇ ಕಾರ್ಖಾನೆಯಲ್ಲಿ ದುಡಿದು, ಸಂಜೆ ದೀಪದ ಬೆಳಕಿನಲ್ಲಿ ಆಡುತ್ತಿದ್ದರು. ಆಟಕ್ಕೆ ಸಂಬಳವಿರಲಿಲ್ಲ. ಅಂಗಣದ ಕೀರ್ತಿ ಎಷ್ಟೇ ಬೆಳೆದರೂ ಹೊಟ್ಟೆಪಾಡಿನ ಚಿಂತೆ ಬೇರೆಯಾಗಿಯೇ ಉಳಿಯುತ್ತಿತ್ತು.

ಹಣದ ಆಮಿಷ ಬಾರದೆ ಇರಲಿಲ್ಲ. ೧೯೪೩ರಲ್ಲಿ ಚೂಯಿಂಗ್ ಗಮ್ ವ್ಯಾಪಾರಿ ಫಿಲಿಪ್ ರಿಗ್ಲಿಯವರು ಹುಡುಗಿಯರ ವೃತ್ತಿ ಬೇಸ್‌ಬಾಲ್ ಲೀಗನ್ನು ಆರಂಭಿಸಿದಾಗ ಅದಕ್ಕೆ ಬೇಕಾದ ಆಟಗಾರ್ತಿಯರನ್ನು ಆರಿಸಿಕೊಂಡುದು ಮುಖ್ಯವಾಗಿ ಸಾಫ್ಟ್‌ಬಾಲ್ ಅಂಗಣಗಳಿಂದಲೇ. ಆ ಕರೆಗೆ ಓಗೊಡದೆ ನಿಂತವರಲ್ಲಿ ಅರಿಜೋನಾ ಸಂಸ್ಥಾನದ ‘ಫೀನಿಕ್ಸ್ ರ‍್ಯಾಂಬ್ಲರ್ಸ್’ ತಂಡದ ಡಾಟ್ ವಿಲ್ಕಿನ್ಸನ್ ಒಬ್ಬರು. ೧೯೨೧ರಲ್ಲಿ ಜನಿಸಿದ ಇವರು ಹನ್ನೆರಡರ ಪ್ರಾಯದೊಳಗೇ ತಂಡವನ್ನು ಸೇರಿ, ದಾಂಡುಗಾರ್ತಿಯ ಹಿಂದೆ ಕುಕ್ಕರುಗಾಲಿನಲ್ಲಿ ಕುಳಿತು ಚೆಂಡು ಹಿಡಿಯುವ ಕ್ಯಾಚರ್ ಸ್ಥಾನದಲ್ಲಿ ಮೂರು ದಶಕಗಳಿಗೂ ಮೇಲ್ಪಟ್ಟು ಆಡಿದರು. ೧೯೪೦, ೧೯೪೮, ೧೯೪೯ ಈ ಮೂರು ವರ್ಷಗಳಲ್ಲಿ ರಾಷ್ಟ್ರೀಯ ಪ್ರಶಸ್ತಿ ಆ ತಂಡಕ್ಕೆ ಸಂದಿತು. ಇಂಥ ದುಡಿಮೆಯ ಸ್ಥಾನಕ್ಕೆ ಸಲ್ಲಬೇಕಾದ ಮನ್ನಣೆಯನ್ನು ಪ್ರೇಕ್ಷಕರು ಕೊಡುವುದು ಅಪೂರ್ವ. ಅವರ ಕಣ್ಣೆಲ್ಲ ಚೆಂಡನ್ನೆಸೆಯುವ ಪಿಚರಿನ ಮೇಲೆ.

ಪಿಚರುಗಳಲ್ಲಿ ಬರ್ತಾ ಟಿಕಿಯವರ ದಾಖಲೆ ಬೆರಗುಗೊಳಿಸುವಂಥದು. ಕ್ಯಾಲಿಫೋರ್ನಿಯದ ‘ಆರೆಂಜ್ ಲಯನೆಟ್ಸ್’ ತಂಡದಲ್ಲಿ ಹೆಸರುವಾಸಿಯಾದ ಇವರು ೧೯೫೦ರ ಒಂದೇ ಋತುವಿನಲ್ಲಿ ೬೫ ಆಟಗಳನ್ನು ಗೆದ್ದು ೮ನ್ನು ಮಾತ್ರ ಸೋತು, ೭೯೫ ದಾಂಡುಗಾರ್ತಿಯರನ್ನು ಬರಿಯ ಎಸೆತದಿಂದಲೇ ಹೊರಗಟ್ಟಿದರು. ೧೯೫೬ರಲ್ಲಿ ಬ್ರೇಕೆಟ್ಸ್ ತಂಡಕ್ಕೆ ಬಂದು ೧೯೬೮ರವರೆಗೂ ಆಡಿದರು. ಒಟ್ಟು ಗೆಲುವು ೭೫೭, ಸೋಲು ೮೮. ಎದುರಾಳಿಗಳಿಗೆ ಒಂದೂ ಸಾರ್ಥಕ ಹೊಡೆತವನ್ನು ಬಿಟ್ಟುಕೊಡದ ಆಟಗಳು ೧೬೨. ಬಲಹೀನವಾದ ಸ್ಥಳೀಯ ತಂಡಗಳ ಎದುರಿನ ಗೆಲುವುಗಳೂ ಇಂಥ ಮೊತ್ತಗಳಲ್ಲಿ ಬೆರೆತಿರುತ್ತವೆಂಬ ಆಕ್ಷೇಪಣೆ ನ್ಯಾಯವಾದುದೇ. ಆದರೆ ಹನ್ನೊಂದು ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಪಾಲ್ಗೊಂಡವರ ವಿಷಯದಲ್ಲಿ ಆ ಆಕ್ಷೇಪಣೆ ದೂರ ಸಾಗದು.

ಟಿಕಿಯವರ ಪಕ್ಕದಲ್ಲಿಯೇ ಜಾಯ್ಸ್ ಬೆಳೆದರು. ೧೯೪೦ರಲ್ಲಿ ವಾಟರ್‌ಬರಿಯಲ್ಲಿ ಹುಟ್ಟಿ ೧೯೫೪ರಲ್ಲಿ ಬ್ರೇಕೆಟ್ಸ್ ಸೇರಿದ ಈ ಹುಡುಗಿ, ೧೯೫೮ರ ರಾಷ್ಟ್ರೀಯ ಅಂತಿಮ ಪಂದ್ಯದ ನಡುವೆ ಟಿಕಿಯವರ ಸ್ಥಾನಕ್ಕೆ ಇಳಿದು, ಉಳಿದ ಆಟದಲ್ಲಿ ಎದುರಾಳಿಗಳಿಗೆ ಒಂದು ಹೊಡೆತವನ್ನೂ ಕೊಡಲಿಲ್ಲ. ಆ ತಂಡಕ್ಕೆ ಅದೇ ಮೊದಲನೆಯ ರಾಷ್ಟ್ರೀಯ ಗೆಲುವು. ವಿಲಿಯಮ್ಸ್ ಅವರ ಕಥೆಗಿಂತ ಈ ಸಂಜೆಗೆ ಹೆಚ್ಚಿನ ಬೆಲೆ ಸಲ್ಲಬೇಕು. ಏಕೆಂದರೆ ಇಲ್ಲಿ ಎದುರಿಗಿದ್ದವರು ಆಟವನ್ನು ಬಲ್ಲವರು, ಗೆಲುವಿಗಾಗಿ ಬಂದವರು. ಮುಂದೆ ೭೫೩ ಗೆಲುವುಗಳಿಗೆ ಪ್ರತಿಯಾಗಿ ಅವರು ಸೋತುದು ೪೨ ಮಾತ್ರ.

೧೯೬೫ರಲ್ಲಿ ಮೆಲ್ಬರ್ನ್ ನಗರದಲ್ಲಿ ಐದು ದೇಶಗಳು ಸೇರಿದ್ದ ಮೊದಲ ವಿಶ್ವಪಂದ್ಯದಲ್ಲಿ ಬ್ರೇಕೆಟ್ಸ್ ತಂಡವೇ ಅಮೆರಿಕದ ಪ್ರತಿನಿಧಿಯಾಗಿ ಹೋಗಿ ಅಂತಿಮ ಆಟದಲ್ಲಿ ಆಸ್ಟ್ರೇಲಿಯಕ್ಕೆ ೧-೦ ಓಟದಿಂದ ಸೋತಿತು. ಜಾಯ್ಸ್ ಆಗ ಕ್ಯಾಲಿಫೋರ್ನಿಯದಲ್ಲಿ ಲಯನೆಟ್ಸ್ ಪರವಾಗಿ ಆಡುತ್ತಿದ್ದರು. ೧೯೭೪ರಲ್ಲಿ ವಿಶ್ವಪಂದ್ಯ ಸ್ಟ್ರಾಟ್‌ಫರ್ಡಿಗೇ ಬಂದಾಗ ಮರಳಿ ಬ್ರೇಕೆಟ್ಸ್ ತಂಡದಲ್ಲಿದ್ದ ಜಾಯ್ಸ್ ಚೆಂಡನ್ನು ಹಿಡಿದರು, ಅಮೆರಿಕ ಗೆದ್ದಿತು.

ಎರಡು ವರ್ಷಗಳ ಮೇಲೆ ಅವರು ಟೆನ್ನಿಸ್ ಆಟಗಾರ್ತಿ ಬಿಲಿ ಜೀನ್ ಕಿಂಗ್ ಮೊದಲಾದವರೊಡನೆ ಸ್ತ್ರೀಯರ ವೃತ್ತಿ ಸಾಫ್ಟ್‌ಬಾಲ್ ಲೀಗನ್ನು ಕಟ್ಟಿದರು. ಜಾಯ್ಸ್ ಅವರ ಕನೆಕ್ಟಿಕಟ್ ಫಾಲ್ಕನ್ಸ್ ತಂಡ ನಾಲ್ಕು ವರ್ಷವೂ ಗೆದ್ದಿತು; ಲೀಗು ೧೯೭೯ರಾಚೆಗೆ ಬಾಳಲಿಲ್ಲ. ಕೌಶಲ್ಯಕ್ಕೆ ಕೊರತೆಯಿರಲಿಲ್ಲ, ಅದಕ್ಕೆ ತಕ್ಕ ಬೊಕ್ಕಸ ಮಾತ್ರ ಒದಗಲಿಲ್ಲ. ಜಾಯ್ಸ್ ಅವರು ಜೀವನೋಪಾಯಕ್ಕಾಗಿ ಗಾಲ್ಫ್ ಆಟದ ವೃತ್ತಿಯನ್ನೂ ನಡೆಸಿ, ಅನಂತರ ಫ್ಲಾರಿಡ ಅಟ್ಲಾಂಟಿಕ್ ವಿಶ್ವವಿದ್ಯಾನಿಲಯದಲ್ಲಿ ಸಾಫ್ಟ್‌ಬಾಲ್ ಶಿಕ್ಷಕಿಯಾಗಿ ೨೦೨೨ರಲ್ಲಿ ಮೃತರಾದರು.

ಈ ತಂಡದಲ್ಲಿ ಬೆಳೆದ ಇನ್ನೊಬ್ಬರ ಮಾತು ಬೇರೆ. ಬಾಲಕಿಯೆಂಬ ಕಾರಣಕ್ಕೆ ಬಾಲಕರ ಬೇಸ್‌ಬಾಲ್ ಲೀಗಿನಿಂದ ಹೊರಗುಳಿಯಬೇಕಾಗಿ ಬಂದಿದ್ದ ಡಾನಾ ಲೋಪಿಯಾನೋ ೧೯೬೩ರಿಂದ ೧೯೭೨ರವರೆಗೆ ಬ್ರೇಕೆಟ್ಸ್ ಪರವಾಗಿ ಆಡಿದರು. ಅವರು ಆಟ ನಿಲ್ಲಿಸಿದ ವರ್ಷವೇ ಶಿಕ್ಷಣಸಂಸ್ಥೆಗಳಲ್ಲಿ ಲಿಂಗಭೇದವನ್ನು ನಿಷೇಧಿಸುವ ‘ಟೈಟಲ್ ನೈನ್’ ಕಾಯಿದೆ ಜಾರಿಗೆ ಬಂದಿತು. ೧೯೭೫ರಲ್ಲಿ ಅವರು ಟೆಕ್ಸಾಸ್ ವಿಶ್ವವಿದ್ಯಾನಿಲಯದ ಸ್ತ್ರೀಕ್ರೀಡಾವಿಭಾಗದ ನಿರ್ದೇಶಕಿಯಾಗಿ, ಹದಿನೇಳು ವರ್ಷ ಆ ಕಾಯಿದೆಯ ಪಕ್ಷವನ್ನು ವಾದಿಸುತ್ತ ಆ ಸ್ಥಾನದಲ್ಲಿದ್ದರು.