ತಾರಿನ ಕಂಬದ ಕಾಯ್ದೆ, ನಮ್ಮ ಹೊಲದಾಗಿನ ಟವರ್

ನಿನ್ನಿ ಸಂಜಿಮುಂದ ಬಾಜೂ ಹೊಲದ ಬದುವಿಗೆ ಕೆಂಪು ಬಣ್ಣದ ಗೂಟ ಬಡಿದು ಹೋಗ್ಯಾರ. ಕಾಕಾ ಬಂದು ಕೇಳಿದ್ರು, "ನಾ ಒಲ್ಲೆ ಅಂದ್ರ ಲೈನ್ ನಿಲ್ಲತೈತೇನಪಾ?" ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೀತೀನಿ.

1885ರಾಗ ಬ್ರಿಟಿಷರು ಟೆಲಿಗ್ರಾಫ್ ಕಾಯ್ದೆ ಮಾಡಿದ್ರು. ತಾರಿನ ಕಂಬಕ್ಕ ಬೇಕಾದದ್ದು ಮೊಳದಷ್ಟು ಜಾಗ. ಅದಕ್ಕ 10ನೇ ಕಲಮಿನಾಗ ಬಳಸೋ ಹಕ್ಕಷ್ಟೇ ಇಟ್ಟುಕೊಂಡು, ಜಮೀನು ರೈತನ ಹೆಸರಿಗೇ ಬಿಟ್ಟರು. 1902ರಾಗ ಶಿವನಸಮುದ್ರದ ಕರೆಂಟು ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ಹೋತು, 1905ರಾಗ ಬೆಂಗಳೂರಿಗೆ. ತಂತಿ ಕೆಳಗಿನ ಹಳ್ಳಿಗಳಿಗೆ ದೀಪ ಬರಾಕ ದಶಕಗಳೇ ಹಿಡಿದವು.

2003ರ ವಿದ್ಯುತ್ ಕಾಯ್ದೆಯ 164ನೇ ಕಲಮು ಅದೇ ಕಂಬದ ಅಧಿಕಾರವನ್ನ ದೊಡ್ಡ ಟವರಿಗೂ ಕೊಡಾಕ ದಾರಿ ಮಾಡ್ತು. ನಮ್ಮ ಬಾಗೇವಾಡಿ ಸೀಮಿಯ ಕೂಡಗಿ ಸ್ಥಾವರ 2,400 ಮೆಗಾವ್ಯಾಟಿಂದು. ಅಲ್ಲಿಂದ 400 ಕೆವಿ ಲೈನು ಧಾರವಾಡದ ನರೇಂದ್ರಕ್ಕ, ಮುಂದ 765 ಕೆವಿ ಮಧುಗಿರಿಗೆ, ಆಮ್ಯಾಲೆ ಬಿಡದಿಗೆ. ಕರೆಂಟು ಎತ್ತ ಹೊಂಟದ ಅಂತ ಬ್ಯಾರೆ ಹೇಳಬೇಕಾಗಿಲ್ಲ. ಹಂಗಂತ ಲೈನೇ ಬ್ಯಾಡ ಅನ್ನಾಕ ನನಗ ಬಾಯಿಲ್ಲ. ನನ್ನ ಬೋರಿನ ಮೋಟಾರೂ ಯಾರದೋ ಹೊಲದ ಮ್ಯಾಲಿನ ತಂತಿಯಿಂದಲೇ ತಿರಗತದ.

ನಮ್ಮ ನಿಂಬಿ ತ್ವಾಟದಾಗ ಟವರ್ ನಿಂತಾಗ ಅಪ್ಪ ಕಡಿದ ಗಿಡದ ರೊಕ್ಕ ತಗೊಂಡು ಸಹಿ ಹಾಕಿದ. ತಂತಿ ಕೆಳಗಿನ ಪಟ್ಟಿಯ ಮಾತು ಅವರು ಎತ್ತಲಿಲ್ಲ, ನಾವೂ ಕೇಳಲಿಲ್ಲ. 400 ಕೆವಿಗೆ ಆ ಪಟ್ಟಿ 46 ಮೀಟರ್ ಅಗಲ. ಉತಾರದಾಗ ಹೆಸರು ಇವತ್ತಿಗೂ ನಮ್ದೇ, ಆದ್ರ ಅಲ್ಲಿ ಮತ್ತ ನಿಂಬಿ ಹಚ್ಚಾಕ ಬರಂಗಿಲ್ಲ.

ಪಟ್ಟಿಗೂ ಬೆಲಿ ಐತಿ ಅಂತ ಕೇಂದ್ರದ ಮಾರ್ಗಸೂಚಿ ಬಂದದ್ದು 2015ರಾಗ: ಟವರ್ ಜಾಗಕ್ಕ ಭೂಮಿ ಬೆಲಿಯ ಶೇ. 85, ಪಟ್ಟಿಗೆ ಹೆಚ್ಚಂದ್ರ ಶೇ. 15. 2024ರ ಜೂನ್‌ದಾಗ ಅದು ಶೇ. 200 ಮತ್ತು ಶೇ. 30 ಆತು. ಇದನ್ನ ಜಾರಿ ಮಾಡೋದು ರಾಜ್ಯದ ಕೈಯಾಗೈತಿ.

ಹಿಂಗಾಗಿ ಕಾಕಾಗೆ ಹೇಳಿದೆ: ನಿಮ್ಮ ಒಪ್ಪಿಗಿ ಕಡ್ಡಾಯ ಅಲ್ಲ ಅಂತ 2016ರಾಗ ಸುಪ್ರೀಂ ಕೋರ್ಟ್ ಹೇಳೇತಿ. ಆದ್ರ ನೀವು ತಡದ್ರ ಅವರು ಡೀಸಿ ಸಾಹೇಬ್ರ ಹತ್ರ ಹೋಗಬೇಕು. ತ್ವಾಟ ಬಿಟ್ಟು ಬದುವಿನ ಗುಂಟ ಸರಸ್ರಿ ಅಂತ ಕೇಳಾಕ ಅದೇ ಜಾಗ. ಪರಿಹಾರ ಸಾಲದಿದ್ರ 16ನೇ ಕಲಮಿನ ಪ್ರಕಾರ ಜಿಲ್ಲಾ ನ್ಯಾಯಾಧೀಶರ ಹತ್ರ ಅರ್ಜಿ. ಲೈನು ಹೊಲದ ನಡುವ ಹಾದಿದ್ಯೋ ಅಂಚಿಗೋ, ಹೊಲ ಸಣ್ಣದೋ ದೊಡ್ಡದೋ ಅನ್ನೋದನ್ನೂ ಲೆಕ್ಕಕ್ಕ ಹಿಡೀಬೇಕಂತ 2007ರಾಗೇ ಸುಪ್ರೀಂ ಕೋರ್ಟ್ ಹೇಳೇತಿ.

ನಾಳಿ ಮುಂಜಾನೆ ಕಾಕಾನ ಗಿಡ ಎಣಿಸಿ, ಫೋಟೋ ತಗೀಲಿಕ್ಕೆ ಹೊಂಟೀನಿ. ನಿಮ್ಮ ಬದುವಿಗೂ ಗೂಟ ಬಂದಿದ್ರ, ಪಂಚನಾಮೆ ಓದದ ಸಹಿ ಮಾಡಬ್ಯಾಡ್ರಿ.