ಕೈ ನಿಸ್ತಂತು ಸಾಧನ (ವಾಕಿ-ಟಾಕಿ): ಪರವಾನಗಿ, ಸಜ್ಜುಗೊಳಿಸುವಿಕೆ ಮತ್ತು ಬಳಕೆ – ಕೋಲಾರ, ಮಾಲೂರು, ಮುಳಬಾಗಿಲು ಹಾಗೂ ಶ್ರೀನಿವಾಸಪುರ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ

ಪೀಠಿಕೆ

ಕೈಯಲ್ಲಿ ಹಿಡಿದು ಎರಡೂ ಕಡೆಯಿಂದ ಮಾತನಾಡಬಹುದಾದ ನಿಸ್ತಂತು ಸಾಧನವನ್ನು ಜನಸಾಮಾನ್ಯರು ವಾಕಿ-ಟಾಕಿ ಎಂದು ಕರೆಯುತ್ತಾರೆ. ಪೊಲೀಸ್, ಅಗ್ನಿಶಾಮಕ ಮತ್ತು ಅರಣ್ಯ ಇಲಾಖೆಗಳ ಸಿಬ್ಬಂದಿಯ ಸೊಂಟದಲ್ಲಿ ಕಾಣುತ್ತಿದ್ದ ಈ ಸಾಧನವನ್ನು ಈಗ ನರಸಾಪುರ, ವೇಮಗಲ್ ಹಾಗೂ ಮಾಲೂರಿನ ಕೈಗಾರಿಕಾ ಪ್ರದೇಶಗಳ ಕಾವಲುಗಾರರು, ಟೇಕಲ್ ಭಾಗದ ಕಲ್ಲುಗಣಿಗಳ ಮೇಲ್ವಿಚಾರಕರು, ಜಾತ್ರೆ ಮತ್ತು ರಥೋತ್ಸವಗಳ ಸ್ವಯಂಸೇವಕರು ಹಾಗೂ ಮಾವಿನ ತೋಪುಗಳ ಕಾವಲಿನವರೂ ಬಳಸಲು ಇಚ್ಛಿಸುತ್ತಾರೆ. ಎರಡು ಮೂರು ಸಾವಿರ ರೂಪಾಯಿಗೆ ಸಾಧನ ದೊರೆಯುವುದರಿಂದ ಅನೇಕರು ಮೊದಲು ಕೊಂಡು, ಆನಂತರ ಅನುಮತಿಯ ಬಗ್ಗೆ ವಿಚಾರಿಸುತ್ತಾರೆ. ಈ ಕ್ರಮ ತಿರುಗುಮುರುಗಾಗಿದೆ. ಯಾವ ಕಂಪನಾಂಕದಲ್ಲಿ ಮಾತನಾಡಲು ಅರ್ಜಿದಾರರಿಗೆ ಅವಕಾಶವಿದೆ ಎಂಬುದು ಮೊದಲು ನಿರ್ಧಾರವಾಗಬೇಕು. ಸಾಧನವನ್ನು ಅದಕ್ಕೆ ತಕ್ಕಂತೆ ಆರಿಸಬೇಕು.

ಅರ್ಜಿಯನ್ನು ಯಾರಿಗೆ ಸಲ್ಲಿಸಬೇಕು

ನಿಸ್ತಂತು ವಿಷಯವು ಸಂವಿಧಾನದ ಏಳನೆಯ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ 31ನೆಯ ನಮೂದಾಗಿದೆ. ಆದ್ದರಿಂದ ನಾಡಕಚೇರಿಯಲ್ಲಾಗಲಿ, ತಹಶೀಲ್ದಾರರ ಕಚೇರಿಯಲ್ಲಾಗಲಿ, ಪೊಲೀಸ್ ಠಾಣೆಯಲ್ಲಾಗಲಿ ವಾಕಿ-ಟಾಕಿ ಪರವಾನಗಿ ನೀಡಲಾಗುವುದಿಲ್ಲ. ಜಾತ್ರೆ ಅಥವಾ ಮೆರವಣಿಗೆಗೆ ಠಾಣೆಯಿಂದ ಪಡೆದ ಅನುಮತಿಯು ನಿಸ್ತಂತು ಸಾಧನ ಬಳಸುವ ಅನುಮತಿಯಾಗುವುದಿಲ್ಲ. ಪರವಾನಗಿ ನೀಡುವ ಅಧಿಕಾರವು ಕೇಂದ್ರ ಸಂಪರ್ಕ ಸಚಿವಾಲಯದ ದೂರಸಂಪರ್ಕ ಇಲಾಖೆಯಲ್ಲಿರುವ ನಿಸ್ತಂತು ಯೋಜನೆ ಮತ್ತು ಸಮನ್ವಯ ವಿಭಾಗದ್ದಾಗಿರುತ್ತದೆ. 1952ರಲ್ಲಿ ಸ್ಥಾಪಿತವಾದ ಈ ವಿಭಾಗವನ್ನು ಡಬ್ಲ್ಯೂ.ಪಿ.ಸಿ. ಎಂದು ಕರೆಯುವುದು ರೂಢಿ. ಅರ್ಜಿಗಳನ್ನು ಆ ಇಲಾಖೆಯ 'ಸರಳ್ ಸಂಚಾರ್' ಜಾಲತಾಣದ ಮೂಲಕ ಸಲ್ಲಿಸಬೇಕು.

1885ರ ಭಾರತೀಯ ತಂತಿ ಅಧಿನಿಯಮ ಹಾಗೂ 1933ರ ಭಾರತೀಯ ನಿಸ್ತಂತು ತಂತಿ ಅಧಿನಿಯಮಗಳ ಅಡಿಯಲ್ಲಿ ಈ ವ್ಯವಸ್ಥೆ ಬೆಳೆದುಬಂದಿದೆ. ಅವುಗಳ ಸ್ಥಾನಕ್ಕೆಂದು 2023ರಲ್ಲಿ ದೂರಸಂಪರ್ಕ ಅಧಿನಿಯಮವನ್ನು ರೂಪಿಸಿ, ಅದರ ಪ್ರಕರಣಗಳನ್ನು 2024ರ ಜೂನ್ 26ರಿಂದ ಹಂತಹಂತವಾಗಿ ಜಾರಿಗೆ ತರಲಾಗಿದೆ. 1933ರ ಅಧಿನಿಯಮವು ಸಾಧನವನ್ನು ಬಳಸುವುದನ್ನಷ್ಟೇ ಅಲ್ಲದೆ, ಪರವಾನಗಿಯಿಲ್ಲದೆ ಅದನ್ನು ಹೊಂದಿರುವುದನ್ನೇ ನಿಷೇಧಿಸಿತ್ತು ಎಂಬುದನ್ನು ಗಮನಿಸಬೇಕು. 'ಸುಮ್ಮನೆ ಕೇಳಲು ಇಟ್ಟುಕೊಂಡಿದ್ದೆ' ಎಂಬ ಸಮಜಾಯಿಷಿಗೆ ಅಲ್ಲಿ ಅವಕಾಶವಿರಲಿಲ್ಲ.

ಪರವಾನಗಿ ಬೇಡದ ಸಾಧನಗಳು

446.0 ರಿಂದ 446.2 ಮೆಗಾಹರ್ಟ್ಸ್ ನಡುವಿನ ಪಟ್ಟಿಯಲ್ಲಿ ಕೆಲಸ ಮಾಡುವ ಅಲ್ಪಶಕ್ತಿಯ ಕೈ ಸಾಧನಗಳಿಗೆ 2018ರ ನಿಯಮಗಳ ಮೇರೆಗೆ ಪರವಾನಗಿಯಿಂದ ವಿನಾಯಿತಿ ಇದೆ. ಒಂದು ಚಾನೆಲ್‌ಗೆ 12.5 ಕಿಲೋಹರ್ಟ್ಸ್‌ನಂತೆ ಈ ಪಟ್ಟಿಯಲ್ಲಿ 16 ಚಾನೆಲ್‌ಗಳು ಹಿಡಿಯುತ್ತವೆ. 27 ಮೆಗಾಹರ್ಟ್ಸ್ ಸಮೀಪದ ನಾಗರಿಕ ಪಟ್ಟಿಯಲ್ಲಿಯೂ ಗರಿಷ್ಠ 5 ವ್ಯಾಟ್ ಮಿತಿಗೆ ಒಳಪಟ್ಟು ವಿನಾಯಿತಿ ದೊರೆತಿದೆ. ಆದರೆ ಆ ಪಟ್ಟಿಗೆ ಉದ್ದನೆಯ ಆಂಟೆನಾ ಬೇಕಾಗುವುದರಿಂದ ಕೈ ಸಾಧನವಾಗಿ ಅದರ ಬಳಕೆ ವಿರಳ.

ವಿನಾಯಿತಿ ಇದೆ ಎಂದರೆ ಹಕ್ಕು ಇದೆ ಎಂದಲ್ಲ. ಇತರರಿಗೆ ಅಡಚಣೆ ಉಂಟುಮಾಡಬಾರದು; ಇತರರಿಂದ ತನಗೆ ಅಡಚಣೆಯಾದಲ್ಲಿ ರಕ್ಷಣೆ ಕೋರಲಾಗದು. ಪಕ್ಕದ ಕಲ್ಯಾಣ ಮಂಟಪದವರೂ ಅದೇ ಚಾನೆಲ್‌ನಲ್ಲಿದ್ದರೆ ಪರಸ್ಪರ ಹೊಂದಿಕೊಂಡು ಚಾನೆಲ್ ಬದಲಿಸುವುದೊಂದೇ ದಾರಿ.

ಇಲ್ಲಿ ಸಾರ್ವಜನಿಕರು ಮೇಲಿಂದ ಮೇಲೆ ಎಡವುವ ಒಂದು ಅಂಶವಿದೆ. ಮಾರುಕಟ್ಟೆಯಲ್ಲಿ ಅಗ್ಗವಾಗಿ ದೊರೆಯುವ ಅನೇಕ ಸಾಧನಗಳು 136 ರಿಂದ 174 ಹಾಗೂ 400 ರಿಂದ 480 ಮೆಗಾಹರ್ಟ್ಸ್‌ವರೆಗೆ ಯಾವ ಕಂಪನಾಂಕಕ್ಕೆ ಬೇಕಾದರೂ ತಿರುಗುತ್ತವೆ ಮತ್ತು 5 ವ್ಯಾಟ್‌ವರೆಗೆ ಪ್ರಸಾರ ಮಾಡುತ್ತವೆ. ಇಂತಹ ಸಾಧನದಲ್ಲಿ 446 ಎಂದು ಗುಂಡಿ ಒತ್ತಿದ ಮಾತ್ರಕ್ಕೆ ಅದು ವಿನಾಯಿತಿಯ ಸಾಧನವಾಗುವುದಿಲ್ಲ. ವಿನಾಯಿತಿಯು ಅಂಕಿಗೆ ಮಾತ್ರ ಸೇರಿದ್ದಲ್ಲ. ಸಾಧನದ ಶಕ್ತಿಮಿತಿ ಹಾಗೂ ಮಾದರಿ ಅನುಮೋದನೆಗೂ ಸೇರಿದ್ದು. ಕೊಳ್ಳುವ ಮೊದಲು ಸಾಧನದ ಮಾದರಿಗೆ ಇ.ಟಿ.ಎ. ಎಂಬ ಅನುಮೋದನೆ ಪತ್ರ ಇದೆಯೇ ಎಂದು ಮಾರಾಟಗಾರರಿಂದ ಕೇಳಿ ಪಡೆಯಬೇಕು. ಅಂತರ್ಜಾಲ ಮಳಿಗೆಗಳು ಕಂಪನಾಂಕ ಮತ್ತು ಪರವಾನಗಿಯ ವಿವರ ನೀಡದೆ ವಾಕಿ-ಟಾಕಿಗಳನ್ನು ಮಾರುತ್ತಿದ್ದುದನ್ನು ಕಂಡು, ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2025ರ ಮೇ ತಿಂಗಳಿನಲ್ಲಿ ಈ ಬಗ್ಗೆ ಪ್ರತ್ಯೇಕ ಮಾರ್ಗಸೂಚಿಯನ್ನೇ ಹೊರಡಿಸಿದೆ. ಮಳಿಗೆಯು ಮಾರಿತು ಎಂಬುದು ಕೊಂಡವರಿಗೆ ರಕ್ಷಣೆಯಾಗುವುದಿಲ್ಲ.

ಪರವಾನಗಿ ಬೇಕಾದ ಬಳಕೆ

ಕಾರ್ಖಾನೆ, ಗಣಿ, ಭದ್ರತಾ ಸಂಸ್ಥೆ ಮುಂತಾದವು ಹೆಚ್ಚು ಶಕ್ತಿಯ ಸಾಧನಗಳನ್ನು ತಮ್ಮದೇ ಕಂಪನಾಂಕದಲ್ಲಿ ಬಳಸಬೇಕಾದಲ್ಲಿ ಸ್ವಂತ ಬಳಕೆಯ ಜಾಲದ ಪರವಾನಗಿಗೆ ಅರ್ಜಿ ಸಲ್ಲಿಸಬೇಕು. ಸಾಧನಗಳ ಸಂಖ್ಯೆ, ಬಳಸುವ ಸ್ಥಳ, ಉದ್ದೇಶ ಹಾಗೂ ಸಂಸ್ಥೆಯ ದಾಖಲೆಗಳನ್ನು ಒದಗಿಸಬೇಕಾಗುತ್ತದೆ. ಕಂಪನಾಂಕ ಹಂಚಿಕೆಯಾದ ನಂತರ ನಿಗದಿತ ಶುಲ್ಕ ಪಾವತಿಸತಕ್ಕದ್ದು. ಕಟ್ಟಡದ ಮೇಲೆ ಸ್ಥಿರ ಆಂಟೆನಾ ಅಥವಾ ಗೋಪುರ ನಿಲ್ಲಿಸುವುದಾದರೆ ಅದರ ಸ್ಥಳಕ್ಕೆ ಪ್ರತ್ಯೇಕ ಅನುಮತಿಯ ಕ್ರಮವಿದೆ. ಕಂಪನಾಂಕ ಹಂಚಿಕೆಯಾಗುವವರೆಗೆ ಸಾಧನಗಳ ಖರೀದಿಗೆ ಮುಂಗಡ ನೀಡದಿರುವುದು ಲೇಸು.

ಕಲಿಕೆ, ಪ್ರಯೋಗ ಹಾಗೂ ಸ್ನೇಹಸಂಪರ್ಕದಲ್ಲಿ ಆಸಕ್ತಿಯುಳ್ಳವರಿಗೆ ಹವ್ಯಾಸಿ ರೇಡಿಯೋ, ಅಂದರೆ ಹ್ಯಾಮ್ ರೇಡಿಯೋ ಪರವಾನಗಿ ಇದೆ. 12 ವರ್ಷ ತುಂಬಿದ ಭಾರತೀಯ ನಾಗರಿಕರು ಪರೀಕ್ಷೆ ಬರೆಯಬಹುದು. ನಿರ್ಬಂಧಿತ ದರ್ಜೆಗೆ ರೇಡಿಯೋ ತತ್ತ್ವ ಮತ್ತು ನಿಯಮಾವಳಿಗಳ ಪರೀಕ್ಷೆ ಇರುತ್ತದೆ; ಸಾಮಾನ್ಯ ದರ್ಜೆಗೆ ಇವುಗಳೊಂದಿಗೆ ಮೋರ್ಸ್ ಸಂಕೇತದ ಪರೀಕ್ಷೆಯೂ ಸೇರುತ್ತದೆ. ಉತ್ತೀರ್ಣರಾದವರಿಗೆ 'ವಿಯು' ಅಕ್ಷರಗಳಿಂದ ಆರಂಭವಾಗುವ ಕರೆ ಸಂಕೇತ ದೊರೆಯುತ್ತದೆ. ಕೈ ಸಾಧನದಲ್ಲಿ ಇವರು ಬಳಸುವ ಮುಖ್ಯ ಪಟ್ಟಿಗಳು 144 ರಿಂದ 146 ಮತ್ತು 434 ರಿಂದ 438 ಮೆಗಾಹರ್ಟ್ಸ್. 2004ರ ಡಿಸೆಂಬರ್ ಸುನಾಮಿಯಲ್ಲಿ ಅಂಡಮಾನಿನ ಇತರ ಸಂಪರ್ಕಗಳು ಕಡಿದಾಗ ಪೋರ್ಟ್ ಬ್ಲೇರ್‌ನಲ್ಲಿದ್ದ ಹವ್ಯಾಸಿಗಳೇ ಸುದ್ದಿ ಮುಟ್ಟಿಸಿದ್ದರು. ಆದರೂ ಹವ್ಯಾಸಿ ಪರವಾನಗಿಯಲ್ಲಿ ವ್ಯಾಪಾರದ ಮಾತಿಗೆ ಅವಕಾಶವಿಲ್ಲ. ಮಂಡಿಯ ದರ ಕೇಳಲು, ಲಾರಿ ಎಲ್ಲಿದೆ ಎಂದು ತಿಳಿಯಲು ಇದನ್ನು ಬಳಸಲಾಗದು.

ಸಾಧನವನ್ನು ಸಜ್ಜುಗೊಳಿಸುವುದು

ಮೊದಲು ಆಂಟೆನಾ, ನಂತರ ಬ್ಯಾಟರಿ, ಆಮೇಲೆ ಸ್ವಿಚ್ಚು. ಆಂಟೆನಾ ಬಿಗಿಯದೆ ಮಾತನಾಡುವ ಗುಂಡಿ ಒತ್ತಿದರೆ ಹೊರಹೋಗಬೇಕಾದ ಶಕ್ತಿ ಹಿಂದಿರುಗಿ ಸಾಧನದ ಒಳಭಾಗ ಸುಟ್ಟುಹೋಗಬಹುದು. ಸಾಧನವನ್ನು ಆಂಟೆನಾದಿಂದ ಹಿಡಿದು ಎತ್ತಬಾರದು.

ಹೊಸ ಬ್ಯಾಟರಿಯನ್ನು ಪೂರ್ಣ ಚಾರ್ಜ್ ಮಾಡಿ ಬಳಸಬೇಕು. ಪೆಟ್ಟಿಗೆಯ ಮೇಲೆ ಬರೆದ ಬ್ಯಾಟರಿಯ ಅವಧಿಯನ್ನು ಸಾಮಾನ್ಯವಾಗಿ ನೂರರಲ್ಲಿ 5 ಪಾಲು ಮಾತು, 5 ಪಾಲು ಕೇಳುವಿಕೆ, 90 ಪಾಲು ಸುಮ್ಮನಿರುವಿಕೆ ಎಂಬ ಲೆಕ್ಕದಲ್ಲಿ ಹೇಳಿರುತ್ತಾರೆ. ರಥೋತ್ಸವದ ದಿನ ಯಾರೂ ಈ ಲೆಕ್ಕದಲ್ಲಿ ಮಾತನಾಡುವುದಿಲ್ಲ. ಪ್ರತಿ ಸಾಧನಕ್ಕೆ ಇನ್ನೊಂದು ಬ್ಯಾಟರಿ ಸಿದ್ಧವಿರಲಿ.

ಸ್ವಂತ ಜಾಲದ ಸಾಧನಗಳಿಗೆ ಮಾರಾಟಗಾರರೇ ಗಣಕಯಂತ್ರದ ಮೂಲಕ ಹಂಚಿಕೆಯಾದ ಕಂಪನಾಂಕವನ್ನು ತುಂಬಿ ಕೊಡುತ್ತಾರೆ. ಕಂಪನಾಂಕವು ಪರವಾನಗಿ ಪತ್ರದಲ್ಲಿರುವಂತೆಯೇ ಇದೆಯೇ ಎಂದು ಪತ್ರ ಮುಂದಿಟ್ಟುಕೊಂಡು ಪರಿಶೀಲಿಸಬೇಕು, ಮತ್ತು ಕೀಲಿಮಣೆಯಿಂದ ಬದಲಾಯಿಸಲಾಗದಂತೆ ಬಂಧಿಸಲು ಹೇಳಬೇಕು. ಕಾವಲುಗಾರರೊಬ್ಬರು ಬೇಸರ ಕಳೆಯಲು ಗುಂಡಿಗಳನ್ನು ಒತ್ತುತ್ತಾ ಹೋಗಿ ತುರ್ತು ಸೇವೆಯ ಚಾನೆಲ್‌ಗೆ ತಲುಪಿದರೆ, ಹೊಣೆ ಪರವಾನಗಿದಾರರ ಮೇಲೆಯೇ ಬರುತ್ತದೆ.

ಕರೆಯಿಲ್ಲದಾಗ ಬರುವ ಗೊರಗೊರ ಸದ್ದನ್ನು ತಡೆಯುವ ವ್ಯವಸ್ಥೆಗೆ ಸ್ಕ್ವೆಲ್ಚ್ ಎನ್ನುತ್ತಾರೆ. ಇದನ್ನು ಸದ್ದು ನಿಲ್ಲುವಷ್ಟು ಮಾತ್ರ ಏರಿಸಬೇಕು. ಹೆಚ್ಚು ಏರಿಸಿದರೆ ದೂರದ ಕ್ಷೀಣ ಕರೆಯೂ ಕೇಳದಂತಾಗುತ್ತದೆ. ಗುಂಪಿನ ಎಲ್ಲ ಸಾಧನಗಳಲ್ಲಿ ಒಂದೇ ಚಾನೆಲ್ ಮತ್ತು ಒಂದೇ ಉಪ-ಸ್ವರ ಸಂಕೇತ ಇರಬೇಕು. ಈ ಸಂಕೇತವನ್ನು ಕೆಲವು ಮಾರಾಟಗಾರರು ಗೌಪ್ಯತಾ ಸಂಕೇತ ಎಂದು ಕರೆಯುವುದು ತಪ್ಪು ಕಲ್ಪನೆಗೆ ಎಡೆಮಾಡಿದೆ. ಅದು ಬೇರೆಯವರ ಮಾತು ತಮಗೆ ಕೇಳದಂತೆ ಮಾಡುತ್ತದೆಯೇ ಹೊರತು ತಮ್ಮ ಮಾತು ಬೇರೆಯವರಿಗೆ ಕೇಳದಂತೆ ಮಾಡುವುದಿಲ್ಲ. ಹಣ ಸಾಗಿಸುವ ಸಮಯ, ಬೀಗದ ವಿವರ ಮುಂತಾದವನ್ನು ವಾಕಿ-ಟಾಕಿಯಲ್ಲಿ ಹೇಳಬಾರದು.

ಎಷ್ಟು ದೂರ ಕೇಳುತ್ತದೆ

ಪೆಟ್ಟಿಗೆಯ ಮೇಲೆ ಬರೆದ ದೂರವನ್ನು ನಂಬಿ ಸಾಧನ ಕೊಳ್ಳಬಾರದು. ಈ ಪಟ್ಟಿಗಳ ತರಂಗಗಳು ಬಹುಮಟ್ಟಿಗೆ ನೇರವಾಗಿ ಸಾಗುತ್ತವೆ. ಆಂಟೆನಾದ ಎತ್ತರವನ್ನು ಮೀಟರುಗಳಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು ಸುಮಾರು 4.1ರಿಂದ ಗುಣಿಸಿದರೆ ರೇಡಿಯೋ ದಿಗಂತದ ದೂರ ಕಿಲೋಮೀಟರುಗಳಲ್ಲಿ ದೊರೆಯುತ್ತದೆ. ಬಯಲಿನಲ್ಲಿ ನಿಂತವರ ಕೈಯಲ್ಲಿನ ಸಾಧನದ ಎತ್ತರ 1.5 ಮೀಟರ್ ಎಂದರೆ ದಿಗಂತ 5 ಕಿಲೋಮೀಟರ್. ಸುತ್ತಲಿನ ಬಯಲಿಗಿಂತ 100 ಮೀಟರ್ ಎತ್ತರದ ಬೆಟ್ಟದ ಮೇಲೆ ನಿಂತರೆ ಸುಮಾರು 41 ಕಿಲೋಮೀಟರ್. ಇದು ಅಡೆತಡೆಯೇ ಇಲ್ಲದಾಗಿನ ಲೆಕ್ಕ. ಊರಿನೊಳಗೆ ಅಲ್ಪಶಕ್ತಿಯ ಸಾಧನವು ಒಂದು ಕಿಲೋಮೀಟರ್ ಮುಟ್ಟಿದರೂ ತೃಪ್ತಿಪಡಬೇಕು.

ಕೋಲಾರ ಪಟ್ಟಣದ ಪಕ್ಕದಲ್ಲಿಯೇ ಅಂತರಗಂಗೆಯ ಬೆಟ್ಟಸಾಲು ಎದ್ದಿದೆ. ಬುಡದಲ್ಲಿ ನಿಂತವರಿಗೆ ಬೆಟ್ಟದ ಆಚೆ ಬದಿಯ ಕರೆ ಕೇಳುವುದಿಲ್ಲ. ಮೇಲಿನ ತೇರಹಳ್ಳಿ ಭಾಗದಿಂದ ಮಾತನಾಡಿದರೆ ಬಯಲು ನೇರ ದೃಷ್ಟಿಗೆ ಸಿಗುತ್ತದೆ. ಚಾರಣಕ್ಕೆ ಹೋಗುವ ತಂಡಗಳು ಒಬ್ಬರನ್ನು ಎತ್ತರದಲ್ಲಿ ನಿಲ್ಲಿಸಿ ಸಂದೇಶಗಳನ್ನು ದಾಟಿಸಿಕೊಳ್ಳುವುದು ಉಪಯುಕ್ತ. ಮುಳಬಾಗಿಲು ತಾಲ್ಲೂಕಿನ ಆವಣಿಯಂತಹ ಬಂಡೆಗಲ್ಲಿನ ಪ್ರದೇಶಗಳಲ್ಲಿ ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದರೆ ನಿಂತ ಕರೆ ಮತ್ತೆ ಕೇಳಬಹುದು. ಶ್ರೀನಿವಾಸಪುರದ ದಟ್ಟ ಮಾವಿನ ತೋಪುಗಳಲ್ಲಿ, ವಿಶೇಷವಾಗಿ ಮಳೆಯಲ್ಲಿ ಎಲೆಗಳು ನೆನೆದಾಗ, 446 ಮೆಗಾಹರ್ಟ್ಸ್‌ನ ತರಂಗಗಳು ಬೇಗ ಕ್ಷೀಣಿಸುತ್ತವೆ. ಮಾಲೂರಿನ ಕಾರ್ಖಾನೆಗಳ ತಗಡಿನ ಶೆಡ್ಡುಗಳೊಳಗಿಂದ ಮಾತನಾಡುವವರು ಬಾಗಿಲಿನ ಬಳಿ ಬರಬೇಕು.

ಗಡಿಯ ವಿಷಯವನ್ನೂ ಗಮನಿಸಬೇಕು. ನಂಗಲಿಯ ಆಚೆ ಆಂಧ್ರಪ್ರದೇಶ, ಮಾಲೂರಿನ ಆಚೆ ತಮಿಳುನಾಡು. ತರಂಗಗಳಿಗೆ ರಾಜ್ಯದ ಗಡಿ ತಿಳಿಯದು. ಆದರೆ ಸ್ವಂತ ಜಾಲದ ಪರವಾನಗಿಯಲ್ಲಿ ಬಳಕೆಯ ಪ್ರದೇಶವನ್ನು ನಮೂದಿಸಿರುತ್ತದೆ. ಅದರ ಹೊರಗೆ ಸಾಧನ ಒಯ್ದು ಬಳಸುವಂತಿಲ್ಲ.

ಮಾತನಾಡುವ ಕ್ರಮ

ಒಬ್ಬರು ಮಾತನಾಡುವಾಗ ಉಳಿದವರು ಕೇಳಬಹುದಷ್ಟೇ. ಆದ್ದರಿಂದ ಮೊದಲು ಚಾನೆಲ್ ಖಾಲಿ ಇದೆಯೇ ಎಂದು ಕೇಳಬೇಕು. ಗುಂಡಿ ಒತ್ತಿ, ಒಂದು ಕ್ಷಣ ತಡೆದು, ಆನಂತರ ಮಾತು ಆರಂಭಿಸಬೇಕು. ಒತ್ತಿದ ಕೂಡಲೇ ಆಡಿದ ಮಾತಿನ ಮೊದಲ ಅಕ್ಷರಗಳು ಹೋಗುವುದೇ ಇಲ್ಲ. 'ಬೇಡ, ಬಿಡಿ' ಎಂದದ್ದು 'ಬಿಡಿ' ಎಂದಷ್ಟೇ ಮುಟ್ಟಬಹುದು. ಆಂಟೆನಾ ನೆಟ್ಟಗಿರುವಂತೆ, ಸಾಧನ ಬಾಯಿಯಿಂದ ಮೂರು ನಾಲ್ಕು ಬೆರಳಿನ ದೂರದಲ್ಲಿರುವಂತೆ ಹಿಡಿದು ಸಹಜ ಧ್ವನಿಯಲ್ಲಿ ಮಾತನಾಡಬೇಕು. ಕೂಗಿದರೆ ಮಾತು ಒಡೆಯುತ್ತದೆ. ಕರೆಯಬೇಕಾದವರ ಹೆಸರು ಮೊದಲು, ತಮ್ಮ ಹೆಸರು ನಂತರ, ಮುಗಿದಾಗ 'ಓವರ್'.

ಅಂಕಿಗಳ ವಿಷಯದಲ್ಲಿ ಈ ಜಿಲ್ಲೆಗೆ ಒಂದು ವಿಶೇಷ ಎಚ್ಚರಿಕೆ ಅಗತ್ಯ. ಇಲ್ಲಿನವರು ಕನ್ನಡ, ತೆಲುಗು ಮತ್ತು ತಮಿಳನ್ನು ಬೆರೆಸಿ ಮಾತನಾಡುತ್ತಾರೆ. ಬೇಗ ಆಡಿದ ಕನ್ನಡದ 'ಎರಡು' ಕರಕರ ಸದ್ದಿನ ನಡುವೆ ತೆಲುಗಿನ 'ಏಡು', ಅಂದರೆ ಏಳು, ಎಂದು ಕೇಳುವುದುಂಟು. ಗೇಟಿನ ಸಂಖ್ಯೆ, ವಾಹನದ ಸಂಖ್ಯೆಗಳನ್ನು ಯಾವ ಭಾಷೆಯಲ್ಲಿ ಹೇಳಬೇಕೆಂದು ಗುಂಪಿನವರು ಮೊದಲೇ ಗೊತ್ತುಮಾಡಿಕೊಂಡು, ಒಂದೊಂದೇ ಅಂಕಿಯಾಗಿ ಹೇಳಬೇಕು. ಕೇಳಿಸಿಕೊಂಡವರು ಅದನ್ನು ಮರಳಿ ಹೇಳಬೇಕು.

ಸ್ಫೋಟಕಗಳ ಸಮೀಪ ಬಳಕೆ

ಕಲ್ಲುಗಣಿಗಳಲ್ಲಿ ಇದು ಪ್ರಾಣದ ಪ್ರಶ್ನೆ. ವಿದ್ಯುತ್ ಕ್ಯಾಪ್‌ಗಳ ತಂತಿಗಳು ಆಂಟೆನಾದಂತೆ ವರ್ತಿಸಿ ರೇಡಿಯೋ ಶಕ್ತಿಯನ್ನು ಹೀರಿಕೊಳ್ಳಬಲ್ಲವು. ಸಮೀಪದಲ್ಲಿ ಪ್ರಸಾರ ಮಾಡಿದರೆ ಕ್ಯಾಪ್ ಅಕಾಲದಲ್ಲಿ ಸಿಡಿಯುವ ಅಪಾಯವಿದೆ. ಸಿಡಿಮದ್ದು ತುಂಬಲು ಆರಂಭಿಸುವ ಮೊದಲೇ ಆ ಸ್ಥಳದಲ್ಲಿರುವ ವಾಕಿ-ಟಾಕಿ ಮತ್ತು ಮೊಬೈಲ್‌ಗಳನ್ನು ಆಫ್ ಮಾಡತಕ್ಕದ್ದು. ಗುಂಡಿ ಒತ್ತದಿದ್ದರೆ ಸಾಕು ಎಂದು ಭಾವಿಸಬಾರದು. ಧ್ವನಿ ಬಂದೊಡನೆ ತಾನಾಗಿಯೇ ಪ್ರಸಾರ ಆರಂಭಿಸುವ ವ್ಯವಸ್ಥೆಯೂ ಅನೇಕ ಸಾಧನಗಳಲ್ಲಿದೆ. ಸುತ್ತಲಿನ ದಾರಿಗಳನ್ನು ತಡೆಯುವ ಕಾವಲಿನವರು ಎಷ್ಟು ದೂರದಿಂದ ಸಾಧನ ಬಳಸಬಹುದು ಎಂಬುದನ್ನು ಸ್ಫೋಟನದ ಹೊಣೆ ಹೊತ್ತ ಅಧಿಕೃತ ವ್ಯಕ್ತಿ ನಿರ್ಧರಿಸಬೇಕು. ಅಲ್ಲಿಯವರೆಗೆ ಬಾವುಟ ಮತ್ತು ಶಿಳ್ಳೆ ಸಾಕು. ಪೆಟ್ರೋಲ್ ಬಂಕ್ ಹಾಗೂ ಅಡುಗೆ ಅನಿಲದ ದಾಸ್ತಾನಿನ ಬಳಿಯೂ ಸಾಮಾನ್ಯ ಸಾಧನವನ್ನು ಬಳಸಬಾರದು.

ಅಡಚಣೆ, ಕಳವು ಮತ್ತು ವಿಲೇವಾರಿ

ಆಕಸ್ಮಿಕವಾಗಿ ಪೊಲೀಸ್ ಅಥವಾ ಅಗ್ನಿಶಾಮಕ ಸೇವೆಯ ಮಾತು ಕೇಳಿಬಂದಲ್ಲಿ ಉತ್ತರಿಸದೆ ಕೂಡಲೇ ಚಾನೆಲ್ ಬದಲಿಸಬೇಕು. ಅಪಾಯದ ಸಂದರ್ಭದಲ್ಲಿ ವಾಕಿ-ಟಾಕಿಯಲ್ಲಿ ಇಲಾಖೆಗಳ ಚಾನೆಲ್ ಹುಡುಕುತ್ತಾ ಕೂರದೆ, ದೂರವಾಣಿಯಿಂದ 112ಕ್ಕೆ ಕರೆ ಮಾಡಬೇಕು. ತಮಗೆ ಹಂಚಿಕೆಯಾದ ಕಂಪನಾಂಕದಲ್ಲಿ ಬೇರೆಯವರು ಅಡಚಣೆ ಮಾಡುತ್ತಿದ್ದಲ್ಲಿ ಪರವಾನಗಿದಾರರು ದಿನಾಂಕ, ಸಮಯ, ಸ್ಥಳ ಮತ್ತು ಕೇಳಿಬಂದ ಮಾತಿನ ಸ್ವರೂಪವನ್ನು ಬರೆದಿಟ್ಟುಕೊಂಡು ನಿಸ್ತಂತು ಯೋಜನೆ ಮತ್ತು ಸಮನ್ವಯ ವಿಭಾಗಕ್ಕೆ ದೂರು ಸಲ್ಲಿಸಬಹುದು.

ಪರವಾನಗಿಯ ಸಾಧನ ಕಳೆದುಹೋದಲ್ಲಿ ಅದರ ಕ್ರಮಸಂಖ್ಯೆಯನ್ನು ನಮೂದಿಸಿ ಸಂಬಂಧಿಸಿದ ಪೊಲೀಸ್ ಠಾಣೆಗೆ ದೂರು ನೀಡಿ, ಸ್ವೀಕೃತಿಯೊಂದಿಗೆ ಪರವಾನಗಿ ನೀಡಿದ ಕಚೇರಿಗೆ ತಿಳಿಸಬೇಕು. ಪರವಾನಗಿ ಪತ್ರದ ಪ್ರತಿಯನ್ನು ಸಾಧನವಿರುವಲ್ಲಿಯೇ ಇಟ್ಟುಕೊಂಡರೆ ತಪಾಸಣೆಯ ವೇಳೆ ಅನುಕೂಲ. ಪರವಾನಗಿ ಇಲ್ಲದವರಿಗೆ ಹಳೆಯ ಸಾಧನವನ್ನು ಮಾರುವುದಾಗಲಿ, ದಾನ ಕೊಡುವುದಾಗಲಿ ಸಲ್ಲದು. ಉಬ್ಬಿದ ಬ್ಯಾಟರಿಯನ್ನು ಚಾರ್ಜ್ ಮಾಡದೆ, ಕಸದ ತೊಟ್ಟಿಗೂ ಹಾಕದೆ, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಬೇಕು.